ರೋಜರ್ ಬಿನ್ನಿ: ಆಟಗಾರನ ಮೌನಕ್ಕೆ ಪೂರ್ಣ ಅಂಕ, ಅಧ್ಯಕ್ಷರ ಮೌನಕ್ಕೆ?

1983ರ ವಿಶ್ವಕಪ್ ಮಾತು ಬಂದರೆ ಹೊರರಾಜ್ಯದ ಕಚೇರಿಗಳಲ್ಲಿ ಯಾವ ಹೆಸರುಗಳು ಕೇಳಿಬರುತ್ತವೆ ಎಂಬುದು ಹೊರನಾಡ ಕನ್ನಡಿಗರಿಗೆಲ್ಲ ಗೊತ್ತು. ಕಪಿಲ್ ದೇವ್ ಅಂತೂ ಇಡೀ ದೇಶದವರು. ಮುಂಬೈನವರು ಸಂದೀಪ್ ಪಾಟೀಲರನ್ನು ನೆನೆಯುತ್ತಾರೆ, ಚೆನ್ನೈನವರು ಶ್ರೀಕಾಂತ್ ಅವರನ್ನು, ದೆಹಲಿಯವರು ಮದನ್ ಲಾಲ್ ಮತ್ತು ಕೀರ್ತಿ ಆಜಾದ್ ಅವರನ್ನು. ಮೊಹಿಂದರ್ ಅಮರನಾಥ್ ಸೆಮಿಫೈನಲ್ ಮತ್ತು ಫೈನಲ್ ಎರಡರಲ್ಲೂ ಪಂದ್ಯಶ್ರೇಷ್ಠರು, ಅವರನ್ನು ಮರೆಯುವಂತೆಯೇ ಇಲ್ಲ. ಆ ಟೂರ್ನಿಯಲ್ಲಿ ಅತಿ ಹೆಚ್ಚು ವಿಕೆಟ್ ಪಡೆದವರು ಯಾರು ಎಂದು ಕೇಳಿ ನೋಡಿ. ಹತ್ತರಲ್ಲಿ ಎಂಟು ಜನ ಕಪಿಲ್ ಎನ್ನುತ್ತಾರೆ. ಉತ್ತರ ಬೆಂಗಳೂರಿನ ರೋಜರ್ ಬಿನ್ನಿ. 8 ಪಂದ್ಯ, 18 ವಿಕೆಟ್. ಭಾರತದಲ್ಲಿ ಮಾತ್ರವಲ್ಲ, ಎಂಟೂ ತಂಡಗಳ ಬೌಲರ್‌ಗಳ ಪೈಕಿ ಮೊದಲ ಸ್ಥಾನ.

ಬಿನ್ನಿ 2025ರಲ್ಲಿ 70ರ ವಯೋಮಿತಿ ತಲುಪಿದ ಮೇಲೆ ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯ ಅಧ್ಯಕ್ಷ ಸ್ಥಾನದಿಂದ ನಿರ್ಗಮಿಸಿದರು. ಆಟಗಾರ, ತರಬೇತುದಾರ, ಆಯ್ಕೆದಾರ, ಆಡಳಿತಗಾರ ಎಂಬ ನಾಲ್ಕು ಪಾತ್ರಗಳ ದೀರ್ಘ ಸೇವೆಯ ಲೆಕ್ಕ ಈಗ ಒಂದು ಹಂತಕ್ಕೆ ಬಂದಿದೆ. ಪುಣೆಯಲ್ಲಿ ಕುಳಿತು ಬೇರೆ ಬೇರೆ ಕಂಪನಿಗಳ ಲೆಕ್ಕ ತಪಾಸಣೆ ಮಾಡುವುದು ನನ್ನ ಕಸುಬು. ಒಂದು ಖಾತೆಯ ಲಾಭವನ್ನು ತೋರಿಸಿ ಇನ್ನೊಂದು ಖಾತೆಯ ಕೊರತೆಯನ್ನು ಮುಚ್ಚಬಾರದು ಎಂಬುದು ಅಲ್ಲಿನ ಮೊದಲ ಪಾಠ. ಬಿನ್ನಿಯವರ ವಿಷಯದಲ್ಲಿ ನಾವು ಕನ್ನಡಿಗರು ಇದನ್ನೇ ಮಾಡುತ್ತಿದ್ದೇವೆ. ‘ಒಳ್ಳೆಯ ಮನುಷ್ಯ, ಸದ್ದಿಲ್ಲದೆ ಕೆಲಸ ಮಾಡಿದವರು’ ಎಂಬ ಒಂದೇ ವಾಕ್ಯದಲ್ಲಿ ನಾಲ್ಕೂ ಖಾತೆಗಳನ್ನು ಮುಗಿಸಿಬಿಡುತ್ತೇವೆ. ಹಾಗೆ ಮಾಡಿದರೆ ಆಟಗಾರನಿಗೆ ಸಿಗಬೇಕಾದಷ್ಟು ಮನ್ನಣೆ ಸಿಗುವುದಿಲ್ಲ, ಅಧ್ಯಕ್ಷರಿಗೆ ಕೇಳಬೇಕಾದ ಪ್ರಶ್ನೆಯೂ ಉಳಿದುಹೋಗುತ್ತದೆ.

ಮೊದಲು ಅಂಕಿಗಳು. 27 ಟೆಸ್ಟ್‌ಗಳಲ್ಲಿ 830 ರನ್, 47 ವಿಕೆಟ್. 72 ಏಕದಿನ ಪಂದ್ಯಗಳಲ್ಲಿ 629 ರನ್, 77 ವಿಕೆಟ್. ಟೆಸ್ಟ್ ಶತಕವಿಲ್ಲ. ಇದೇ ಕಾಲದಲ್ಲಿ ಜಗತ್ತಿನಲ್ಲಿ ಇಯಾನ್ ಬಾಥಮ್, ಇಮ್ರಾನ್ ಖಾನ್, ರಿಚರ್ಡ್ ಹ್ಯಾಡ್ಲಿ ಮತ್ತು ನಮ್ಮದೇ ಕಪಿಲ್ ದೇವ್ ಆಡುತ್ತಿದ್ದರು. ಆ ನಾಲ್ವರ ಸಾಲಿನಲ್ಲಿ ಬಿನ್ನಿಯವರನ್ನು ನಿಲ್ಲಿಸಲು ಯಾರೂ ಹೋಗುವುದಿಲ್ಲ, ಹೋಗಲೂಬಾರದು. ಅಭಿಮಾನಕ್ಕಾಗಿ ಅಂಕಿಗಳನ್ನು ಹಿಗ್ಗಿಸುವ ಅಗತ್ಯವಿಲ್ಲ. ಆದರೆ ಈ ಮೊತ್ತಗಳು ಎಲ್ಲಿ, ಯಾವಾಗ ಬಂದವು ಎಂದು ಬಿಡಿಸಿ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ.

1983ರ ಜೂನ್ ತಿಂಗಳನ್ನೇ ತೆಗೆದುಕೊಳ್ಳಿ. ಓಲ್ಡ್ ಟ್ರಾಫರ್ಡ್‌ನಲ್ಲಿ ಭಾರತ ತನ್ನ ಮೊದಲ ಪಂದ್ಯದಲ್ಲೇ ವೆಸ್ಟ್ ಇಂಡೀಸ್ ತಂಡವನ್ನು 34 ರನ್‌ಗಳಿಂದ ಸೋಲಿಸಿತು. ಯಶ್‌ಪಾಲ್ ಶರ್ಮಾ ಅವರ 89 ರನ್ ಎಲ್ಲರಿಗೂ ನೆನಪಿದೆ. ಅದೇ ಪಂದ್ಯದಲ್ಲಿ ಬಿನ್ನಿ 27 ರನ್ ಸೇರಿಸಿ, ನಂತರ ವಿವ್ ರಿಚರ್ಡ್ಸ್ ಮತ್ತು ಕ್ಲೈವ್ ಲಾಯ್ಡ್ ಸೇರಿದಂತೆ 3 ವಿಕೆಟ್ ಪಡೆದಿದ್ದರು. ಚೆಮ್ಸ್‌ಫರ್ಡ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಗೆಲ್ಲಲೇಬೇಕಿದ್ದ ಪಂದ್ಯ. ಬಿನ್ನಿ 29 ರನ್‌ಗೆ 4 ವಿಕೆಟ್, ಮದನ್ ಲಾಲ್ 20ಕ್ಕೆ 4. ಆಸ್ಟ್ರೇಲಿಯಾ 129ಕ್ಕೆ ಆಲೌಟ್. ಬಿನ್ನಿ ಪಂದ್ಯಶ್ರೇಷ್ಠ. ಈ ಪಂದ್ಯ ಸೋತಿದ್ದರೆ ಭಾರತ ಸೆಮಿಫೈನಲ್‌ಗೆ ಬರುವುದು ಅನುಮಾನವಿತ್ತು. ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್‌ನ ಆರಂಭಿಕರಾದ ಫೌಲರ್ ಮತ್ತು ಟವಾರೆ 69 ರನ್ ಸೇರಿಸಿ ಗಟ್ಟಿಯಾಗಿ ನಿಂತಿದ್ದರು. ಇಬ್ಬರನ್ನೂ ಹೊರಗೆ ಕಳುಹಿಸಿದ್ದು ಬಿನ್ನಿ. ಫೈನಲ್‌ನಲ್ಲಿ 10 ಓವರ್ ಎಸೆದು ಕೊಟ್ಟದ್ದು 23 ರನ್, ಪಡೆದದ್ದು ಒಂದೇ ವಿಕೆಟ್. ಆ ಒಂದು ವಿಕೆಟ್ ವೆಸ್ಟ್ ಇಂಡೀಸ್ ನಾಯಕ ಲಾಯ್ಡ್ ಅವರದು, ಕ್ಯಾಚ್ ಹಿಡಿದದ್ದು ಕಪಿಲ್.

ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ವಿರುದ್ಧ ಕಪಿಲ್ ಹೊಡೆದ ಅಜೇಯ 175 ರನ್ ನಮ್ಮ ದೇಶದಲ್ಲಿ ಪುರಾಣದ ಕಥೆಯಂತಾಗಿದೆ. ಆ ಪಂದ್ಯದ ದೃಶ್ಯಗಳ ಚಿತ್ರೀಕರಣವೇ ಆಗಿರಲಿಲ್ಲವಾದ್ದರಿಂದ ಕಥೆ ಇನ್ನಷ್ಟು ಬೆಳೆಯಿತು. ಭಾರತ 17 ರನ್‌ಗೆ 5 ವಿಕೆಟ್ ಕಳೆದುಕೊಂಡಿದ್ದಾಗ ಕಪಿಲ್ ಜೊತೆಗೆ ಬಂದು ನಿಂತವರು ಬಿನ್ನಿ. ಇಬ್ಬರೂ ಸೇರಿ ಸ್ಕೋರನ್ನು 77ಕ್ಕೆ ಒಯ್ದರು. ಬಿನ್ನಿ ಗಳಿಸಿದ್ದು 22. ಮುಂದೆ ಸೈಯದ್ ಕಿರ್ಮಾನಿ ಅಜೇಯ 24 ರನ್ ಗಳಿಸಿ, 9ನೇ ವಿಕೆಟ್‌ಗೆ ಕಪಿಲ್ ಜೊತೆ ಮುರಿಯದ 126 ರನ್ ಸೇರಿಸಿದರು. ಅಂದರೆ ಆ ಮಹಾ ಇನಿಂಗ್ಸ್‌ನ ಬುಡದಲ್ಲೂ ತುದಿಯಲ್ಲೂ ಇನ್ನೊಂದು ಕಡೆ ಬ್ಯಾಟ್ ಹಿಡಿದು ನಿಂತವರು ಕರ್ನಾಟಕದ ಆಟಗಾರರು. ಆ ಎರಡು ಜೊತೆಯಾಟಗಳಿಲ್ಲದೆ 175 ರನ್ ಇರುತ್ತಿರಲಿಲ್ಲ. 2021ರಲ್ಲಿ ಬಂದ ‘83’ ಹಿಂದಿ ಸಿನಿಮಾ ನೋಡಿ ಹೊರಬಂದವರಿಗೆ ಕಪಿಲ್ ಪಾತ್ರ ಮನಸ್ಸಿನಲ್ಲಿ ಉಳಿಯುತ್ತದೆ. ಸಿನಿಮಾಕ್ಕೆ ನಾಯಕ ಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ತಂಡದ ಇತಿಹಾಸವನ್ನು ಸಿನಿಮಾದ ಹಾಗೆ ನೆನಪಿಟ್ಟುಕೊಂಡರೆ ತಪ್ಪು.

ಬಿನ್ನಿಯವರಿಗೆ ಭಯಂಕರ ವೇಗವಿರಲಿಲ್ಲ. ಮಧ್ಯಮ ವೇಗದ ಬೌಲರ್. ಅವರ ಬಲವಿದ್ದದ್ದು ಚೆಂಡನ್ನು ಗಾಳಿಯಲ್ಲಿ ತಿರುಗಿಸುವ ಸ್ವಿಂಗ್‌ನಲ್ಲಿ. ಮೋಡ ಕವಿದ ಇಂಗ್ಲೆಂಡಿನ ಹವೆ, ಹಸಿರಿರುವ ಪಿಚ್ ಸಿಕ್ಕರೆ ಅವರನ್ನು ಆಡುವುದು ದೊಡ್ಡ ದೊಡ್ಡವರಿಗೂ ಕಷ್ಟವಾಗುತ್ತಿತ್ತು. 1986ರಲ್ಲಿ ಲೀಡ್ಸ್‌ನ ಹೆಡಿಂಗ್ಲಿ ಟೆಸ್ಟ್ ಇದಕ್ಕೆ ಸಾಕ್ಷಿ. ಇಂಗ್ಲೆಂಡ್ ಮೊದಲ ಇನಿಂಗ್ಸ್‌ನಲ್ಲಿ 102 ರನ್‌ಗೆ ಕುಸಿಯಿತು. ಬಿನ್ನಿ 40 ರನ್‌ಗೆ 5 ವಿಕೆಟ್ ಪಡೆದರು, ಎರಡನೇ ಇನಿಂಗ್ಸ್‌ನಲ್ಲಿ ಮತ್ತೆ ಎರಡು. ವೆಂಗ್‌ಸರ್ಕರ್ ಅವರ ಅಜೇಯ ಶತಕ ಜೊತೆಗೂಡಿ ಭಾರತ 279 ರನ್‌ಗಳಿಂದ ಗೆದ್ದಿತು, ಸರಣಿಯೂ ಕೈಗೆ ಬಂತು. ಇಂಗ್ಲೆಂಡ್ ನೆಲದಲ್ಲಿ ಭಾರತ ಮುಂದಿನ ಟೆಸ್ಟ್ ಸರಣಿ ಗೆಲ್ಲಲು 2007ರವರೆಗೆ, ರಾಹುಲ್ ದ್ರಾವಿಡ್ ನಾಯಕತ್ವದವರೆಗೆ ಕಾಯಬೇಕಾಯಿತು. ಈ ಒಂದು ಸಂಗತಿಯೇ 1986ರ ಗೆಲುವಿನ ತೂಕವನ್ನು ಹೇಳುತ್ತದೆ.

ಹಾಗಾದರೆ 8 ವರ್ಷಗಳ ಅವಧಿಯಲ್ಲಿ ಟೆಸ್ಟ್‌ಗಳು 27 ಮಾತ್ರ ಏಕೆ? ಉತ್ತರ ನಮ್ಮ ಪಿಚ್‌ಗಳಲ್ಲಿದೆ. ಆಗಿನ ಭಾರತದಲ್ಲಿ ಮಧ್ಯಮ ವೇಗಿಯ ಕೆಲಸವೆಂದರೆ ಹೊಸ ಚೆಂಡಿನ ಹೊಳಪು ಕಳೆದು, ಸ್ಪಿನ್ನರ್‌ಗಳ ಕೈಗೆ ಕೊಟ್ಟು ಬೌಂಡರಿ ಗೆರೆಗೆ ಹೋಗಿ ನಿಲ್ಲುವುದು. ಹೀಗಿದ್ದೂ 1987ರಲ್ಲಿ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಪಾಕಿಸ್ತಾನದ ವಿರುದ್ಧ 56 ರನ್‌ಗೆ 6 ವಿಕೆಟ್ ಪಡೆದರು. ಅದು ಅವರ ಟೆಸ್ಟ್ ಜೀವನದ ಅತ್ಯುತ್ತಮ ಬೌಲಿಂಗ್. ಬ್ಯಾಟಿಂಗ್‌ನ ಅತ್ಯುತ್ತಮ ಸಾಧನೆಯೂ ಸ್ವದೇಶದಲ್ಲೇ. 1983ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಪಾಕಿಸ್ತಾನದ ವಿರುದ್ಧ ಅಜೇಯ 83, ಮದನ್ ಲಾಲ್ ಜೊತೆ 7ನೇ ವಿಕೆಟ್‌ಗೆ 155 ರನ್.

ಬಿನ್ನಿ ಮೂಲತಃ ಬ್ಯಾಟ್ಸ್‌ಮನ್ ಕೂಡ ಆಗಿದ್ದರು ಎಂಬುದನ್ನು ಇಂದಿನ ಪೀಳಿಗೆ ಮರೆತಿದೆ. 1977-78ರ ರಣಜಿ ಋತುವಿನಲ್ಲಿ ಚಿಕ್ಕಮಗಳೂರಿನಲ್ಲಿ ಕೇರಳದ ವಿರುದ್ಧ ಬಿನ್ನಿ ಮತ್ತು ಸಂಜಯ್ ದೇಸಾಯಿ ಇನಿಂಗ್ಸ್ ಆರಂಭಿಸಿದರು. ಒಂದೂ ವಿಕೆಟ್ ಬೀಳದೆ 451 ರನ್ ಆಯಿತು. ದೇಸಾಯಿ ಅಜೇಯ 218, ಬಿನ್ನಿ ಅಜೇಯ 211. ಆ ವರ್ಷ ಕರ್ನಾಟಕ ರಣಜಿ ಟ್ರೋಫಿಯನ್ನೂ ಗೆದ್ದಿತು. ರಾಜ್ಯಕ್ಕೆ ಇನಿಂಗ್ಸ್ ಆರಂಭಿಸುತ್ತಿದ್ದವರು ದೇಶಕ್ಕೆ 7, 8ನೇ ಕ್ರಮಾಂಕದಲ್ಲಿ ಬ್ಯಾಟ್ ಹಿಡಿದರು. ತಂಡಕ್ಕೆ ಬೇಕಾದ ಜಾಗದಲ್ಲಿ ನಿಲ್ಲುವುದಕ್ಕೆ ಒಂದು ಬೆಲೆಯಿದೆ. ಅದನ್ನು ಸರಾಸರಿಯ ಅಂಕಣದಲ್ಲಿ ಕಟ್ಟಬೇಕಾಗುತ್ತದೆ.

ಅವರ ಟೆಸ್ಟ್ ಜೀವನ ಆರಂಭವಾದದ್ದು 1979ರ ನವೆಂಬರ್‌ನಲ್ಲಿ, ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ಪಾಕಿಸ್ತಾನದ ವಿರುದ್ಧ. ಮುಗಿದದ್ದು 1987ರ ಮಾರ್ಚ್‌ನಲ್ಲಿ, ಅದೇ ಕ್ರೀಡಾಂಗಣದಲ್ಲಿ, ಅದೇ ಎದುರಾಳಿಯ ವಿರುದ್ಧ. ಗಾವಸ್ಕರ್ ತಿರುಗುವ ಪಿಚ್‌ನಲ್ಲಿ 96 ರನ್ ಹೊಡೆದ ಪಂದ್ಯ ಅದು. ಭಾರತ 16 ರನ್‌ಗಳಿಂದ ಸೋತಾಗ ಕೊನೆಯವರಾಗಿ ಔಟಾದವರು ಬಿನ್ನಿ. ಸ್ವಿಂಗ್ ಬೌಲರ್ ಒಬ್ಬರು ಊರಿನವರ ಎದುರು ಆಡಿದ ಕೊನೆಯ ಟೆಸ್ಟ್‌ನಲ್ಲಿ ಪಿಚ್ ಪೂರ್ತಿ ಸ್ಪಿನ್ನರ್‌ಗಳದ್ದಾಗಿತ್ತು. ಈ ವಿವರವನ್ನು ನೆನಪಿನಲ್ಲಿಡಿ, ಅಧ್ಯಕ್ಷಗಿರಿಯ ಮಾತು ಬಂದಾಗ ಬೇಕಾಗುತ್ತದೆ.

ನಿವೃತ್ತಿಯ ನಂತರದ ಖಾತೆಯಲ್ಲೂ ಜಮೆ ಇದೆ. 2000ದಲ್ಲಿ ಶ್ರೀಲಂಕಾದಲ್ಲಿ 19 ವರ್ಷದೊಳಗಿನವರ ವಿಶ್ವಕಪ್ ಅನ್ನು ಭಾರತ ಮೊದಲ ಬಾರಿಗೆ ಗೆದ್ದಾಗ ತಂಡದ ತರಬೇತುದಾರ ಬಿನ್ನಿ. ನಾಯಕ ಮೊಹಮ್ಮದ್ ಕೈಫ್, ಸರಣಿಶ್ರೇಷ್ಠ ಯುವರಾಜ್ ಸಿಂಗ್. ಈ ಇಬ್ಬರ ಹೆಸರು ಎಲ್ಲರಿಗೂ ಗೊತ್ತು, ತರಬೇತುದಾರರ ಹೆಸರು ಇಲ್ಲಿಯೂ ಕೆಳಗಿನ ಸಾಲಿಗೆ ಹೋಯಿತು. 2012ರಲ್ಲಿ ರಾಷ್ಟ್ರೀಯ ಆಯ್ಕೆದಾರರಾದರು. ಆ ಅವಧಿಯಲ್ಲೇ ಮಗ ಸ್ಟುವರ್ಟ್ ಬಿನ್ನಿ ಭಾರತ ತಂಡಕ್ಕೆ ಬಂದಾಗ ಟೀಕೆಗಳು ಎದ್ದವು. ಮಗನ ಹೆಸರು ಚರ್ಚೆಗೆ ಬಂದಾಗ ತಂದೆ ಸಭೆಯಿಂದ ಹೊರಗೆ ಹೋಗುತ್ತಿದ್ದರೆಂದು ಆಗ ವರದಿಯಾಗಿತ್ತು. ಸ್ಟುವರ್ಟ್ 2014ರಲ್ಲಿ ಮೀರ್‌ಪುರದಲ್ಲಿ ಬಾಂಗ್ಲಾದೇಶದ ವಿರುದ್ಧ 4 ರನ್‌ಗೆ 6 ವಿಕೆಟ್ ಪಡೆದು ಅನಿಲ್ ಕುಂಬ್ಳೆಯವರ ಏಕದಿನ ದಾಖಲೆ ಮುರಿದರು. ಒಂದು ಪಂದ್ಯದಿಂದ ಎಲ್ಲ ಪ್ರಶ್ನೆಗಳೂ ಮುಗಿಯುವುದಿಲ್ಲ. ಆದರೆ ಸಭೆಯಿಂದ ಎದ್ದು ಹೋಗುವ ಸಂಕೋಚ ನಮ್ಮ ಸಾರ್ವಜನಿಕ ಬದುಕಿನಲ್ಲಿ ಎಷ್ಟು ಜನರಿಗಿದೆ?

ಇನ್ನು ಅಧ್ಯಕ್ಷರ ಖಾತೆ. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾಗಿದ್ದ ಬಿನ್ನಿ, 2022ರ ಅಕ್ಟೋಬರ್‌ನಲ್ಲಿ ಸೌರವ್ ಗಂಗೂಲಿ ಅವರ ನಂತರ ಅವಿರೋಧವಾಗಿ ಬಿಸಿಸಿಐ ಅಧ್ಯಕ್ಷರಾದರು. ಅಧಿಕಾರ ವಹಿಸಿಕೊಂಡಾಗ ಎರಡು ಆದ್ಯತೆಗಳನ್ನು ಹೇಳಿದ್ದರು. ಆಟಗಾರರು ಪದೇ ಪದೇ ಗಾಯಗೊಳ್ಳುವುದನ್ನು ತಡೆಯುವುದು ಒಂದು, ದೇಶದ ಪಿಚ್‌ಗಳನ್ನು ಸುಧಾರಿಸುವುದು ಇನ್ನೊಂದು. ಎರಡೂ ಸರಿಯಾದ ಆದ್ಯತೆಗಳು. ಅದರಲ್ಲೂ ಪಿಚ್ ಬಗ್ಗೆ ಮಾತನಾಡುವ ಹಕ್ಕು ಅವರಿಗಿಂತ ಹೆಚ್ಚು ಯಾರಿಗಿತ್ತು?

ಫಲಿತಾಂಶ ನೋಡಿ. 2023ರ ಮಾರ್ಚ್‌ನಲ್ಲಿ ಇಂದೋರ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧದ ಟೆಸ್ಟ್ ಮೂರನೇ ದಿನ ಬೆಳಿಗ್ಗೆಯೇ ಮುಗಿಯಿತು. ಪಂದ್ಯದ ರೆಫರಿ ಪಿಚ್‌ಗೆ ‘ಕಳಪೆ’ ಎಂಬ ಷರಾ ಬರೆದರು. ಮಂಡಳಿ ಮೇಲ್ಮನವಿ ಸಲ್ಲಿಸಿ ಅದನ್ನು ‘ಸರಾಸರಿಗಿಂತ ಕೆಳಗೆ’ ಎಂದು ಬದಲಾಯಿಸಿಕೊಂಡಿತು. 2024ರಲ್ಲಿ ನ್ಯೂಜಿಲೆಂಡ್ ಬಂದಾಗ ಬೆಂಗಳೂರಿನಲ್ಲಿ ಭಾರತ 46 ರನ್‌ಗೆ ಆಲೌಟಾಗಿ ಸೋತಿತು. ಅದು ಮೋಡ, ತೇವಾಂಶದ ಆಟ. ಆಮೇಲೆ ಪುಣೆಯಲ್ಲೂ ಮುಂಬೈನಲ್ಲೂ ಚೆಂಡು ತಿರುಗುವ ಪಿಚ್ ಸಿದ್ಧವಾಯಿತು. ಎದುರಾಳಿಯ ಸ್ಪಿನ್ನರ್‌ಗಳೇ ಅದನ್ನು ಬಳಸಿಕೊಂಡರು. ಸ್ವದೇಶದಲ್ಲಿ ಮೂರಕ್ಕೆ ಮೂರೂ ಟೆಸ್ಟ್ ಸೋತ ಅವಮಾನ ಭಾರತಕ್ಕೆ ಬಂತು. ಪುಣೆಯ ಗಹುಂಜೆ ಕ್ರೀಡಾಂಗಣಕ್ಕೆ ಟಿಕೆಟ್ ಕೊಂಡು ಹೋಗಿದ್ದ ನಮ್ಮಂಥವರಿಗೆ ನಾಲ್ಕನೇ ದಿನದ ಟಿಕೆಟ್ ಬಳಸುವ ಯೋಗವೇ ಬರಲಿಲ್ಲ. ಗಾಯದ ವಿಷಯವೂ ಹೀಗೆಯೇ. ಬೆನ್ನುನೋವಿನಿಂದ 2022ರ ಟಿ20 ವಿಶ್ವಕಪ್ ತಪ್ಪಿಸಿಕೊಂಡಿದ್ದ ಜಸ್‌ಪ್ರೀತ್ ಬುಮ್ರಾ, ಅದೇ ಕಾರಣಕ್ಕೆ 2025ರ ಚಾಂಪಿಯನ್ಸ್ ಟ್ರೋಫಿಯನ್ನೂ ತಪ್ಪಿಸಿಕೊಂಡರು.

ಆ ಅವಧಿಯಲ್ಲಿ ಒಳ್ಳೆಯದೂ ಆಗಿದೆ. ಬಿನ್ನಿ ಅಧ್ಯಕ್ಷರಾದ ಕೆಲವೇ ದಿನಗಳಲ್ಲಿ ಮಹಿಳಾ ಕ್ರಿಕೆಟಿಗರಿಗೆ ಪುರುಷರಷ್ಟೇ ಪಂದ್ಯ ಶುಲ್ಕ ಘೋಷಣೆಯಾಯಿತು. 2023ರ ಮಾರ್ಚ್‌ನಲ್ಲಿ ಮಹಿಳಾ ಪ್ರೀಮಿಯರ್ ಲೀಗ್ ಆರಂಭವಾಯಿತು. 2024ರಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಮೂರು ಮೈದಾನಗಳಿರುವ ಹೊಸ ಉತ್ಕೃಷ್ಟತಾ ಕೇಂದ್ರ ತೆರೆಯಿತು. ಗಾಯಗೊಂಡ ಆಟಗಾರರ ಚೇತರಿಕೆಗೂ ಅದು ನೆಲೆ. ಆದರೆ ಇವುಗಳಲ್ಲಿ ಅಧ್ಯಕ್ಷರ ಪಾಲು ಎಷ್ಟು ಎಂದು ಹೊರಗಿನವರು ತೂಗುವುದು ಕಷ್ಟ. ಏಕೆಂದರೆ ಮಂಡಳಿಯ ದೊಡ್ಡ ಘೋಷಣೆಗಳು ಹೆಚ್ಚಾಗಿ ಆಗಿನ ಕಾರ್ಯದರ್ಶಿ ಜಯ್ ಶಾ ಅವರಿಂದಲೇ ಬರುತ್ತಿದ್ದವು. ಅಧಿಕಾರದ ಕೇಂದ್ರ ಎಲ್ಲಿದೆ ಎಂಬುದು ಕ್ರಿಕೆಟ್ ನೋಡುವ ಮಕ್ಕಳಿಗೂ ತಿಳಿದಿತ್ತು. ಬಿನ್ನಿ ಒಬ್ಬರೇ ಅದನ್ನು ಬದಲಿಸಬಹುದಿತ್ತು ಎಂದು ನಾನು ಹೇಳಲಾರೆ. ಆದರೆ ಅಧ್ಯಕ್ಷರ ಕೈಯಲ್ಲಿ ಅಧಿಕಾರ ಇಲ್ಲದಿದ್ದರೂ ಧ್ವನಿ ಇರುತ್ತದೆ. ವಿಶ್ವಕಪ್ ಗೆದ್ದವರ ಧ್ವನಿಗೆ ತೂಕ ಇನ್ನೂ ಹೆಚ್ಚು. ಇಂದೋರ್ ಪಿಚ್ ಬಗ್ಗೆ ಮೇಲ್ಮನವಿ ಹೋದ ಹೊತ್ತಿನಲ್ಲಿ ಆ ಧ್ವನಿ ದೇಶಕ್ಕೆ ಕೇಳಿಸಬೇಕಿತ್ತು.

ಇನ್ನೊಂದು ದಿನವನ್ನು ಹೇಳದೆ ಈ ಲೆಕ್ಕ ಮುಗಿಯುವುದಿಲ್ಲ. 2025ರ ಜೂನ್ 4ರಂದು ಆರ್‌ಸಿಬಿ ವಿಜಯೋತ್ಸವದ ವೇಳೆ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಜನ ಪ್ರಾಣ ಕಳೆದುಕೊಂಡರು. ಹೊರನಾಡಿನಲ್ಲಿದ್ದ ನಾವೆಲ್ಲ ಮನೆಗೆ ಫೋನು ಮಾಡಿ, ನಮ್ಮ ಹುಡುಗರು ಎಲ್ಲಿದ್ದಾರೆ ಎಂದು ಕೇಳಿದ ಸಂಜೆ ಅದು. ಆ ಕಾರ್ಯಕ್ರಮ ಬಿಸಿಸಿಐ ನಡೆಸಿದ್ದಲ್ಲ. ಅದರ ಹೊಣೆಯನ್ನು ಬಿನ್ನಿಯವರ ತಲೆಗೆ ಕಟ್ಟುವುದು ಅನ್ಯಾಯ. ಆದರೆ ಅವರ ಟೆಸ್ಟ್ ಜೀವನ ಆರಂಭವಾಗಿ ಮುಗಿದ ಮೈದಾನ ಅದು. ಅದನ್ನು ನಡೆಸುವ ಸಂಸ್ಥೆಗೆ ಅಧ್ಯಕ್ಷರಾಗಿದ್ದವರು ಅವರು, ಅಂದು ಇಡೀ ದೇಶದ ಕ್ರಿಕೆಟ್‌ಗೆ ಅಧ್ಯಕ್ಷರೂ ಹೌದು. ಮಂಡಳಿಯ ಪರವಾಗಿ ನಮಗೆ ಹೆಚ್ಚು ಕೇಳಿಸಿದ್ದು ಆಗಲೂ ಕಾರ್ಯದರ್ಶಿಯ ಧ್ವನಿಯೇ. ಸತ್ತವರ ಮನೆಯವರಿಗೆ ಬೆಂಗಳೂರಿನ ಹಿರಿಯನೊಬ್ಬನ ಮಾತು ಬೇಕಿತ್ತು.

ಮೈದಾನದಲ್ಲಿ ಗುಣವಾಗಿದ್ದದ್ದು ಕುರ್ಚಿಯಲ್ಲಿ ಕೊರತೆಯಾಯಿತು ಎಂಬುದು ನನ್ನ ತೀರ್ಮಾನ. ನಾಯಕ ಕೊಟ್ಟ ಚೆಂಡನ್ನು ತೆಗೆದುಕೊಂಡು, ಹೇಳಿದ ತುದಿಯಿಂದ ಎಸೆದು, ಮರುಮಾತಾಡದೆ ಫೀಲ್ಡಿಂಗ್‌ಗೆ ಹೋಗುವವನು ಬೌಲರ್ ಆಗಿ ಬಂಗಾರ. ಅಧ್ಯಕ್ಷರ ಕೆಲಸ ಬೇರೆ. ಅಲ್ಲಿ ಚೆಂಡು ಯಾರ ಕೈಗೆ ಹೋಗಬೇಕು, ಪಿಚ್ ಹೇಗಿರಬೇಕು ಎಂದು ಹೇಳಬೇಕು, ಬೇಡವೆನಿಸಿದಾಗ ಬೇಡ ಎನ್ನಬೇಕು.

ಇದು ಬಿನ್ನಿಯವರೊಬ್ಬರ ವಿಷಯವಾಗಿದ್ದರೆ ಈ ಅಂಕಣದಲ್ಲಿ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಮುಂಬೈ, ಹೈದರಾಬಾದ್, ದೆಹಲಿಯ ಕಚೇರಿಗಳಲ್ಲಿ ಕನ್ನಡಿಗರಿಗೆ ಸಿಗುವ ಶಹಬ್ಬಾಸ್‌ಗಿರಿ ಯಾವುದು, ನೆನಪಿಸಿಕೊಳ್ಳಿ. ‘ಇವರು ಗಲಾಟೆ ಮಾಡುವುದಿಲ್ಲ, ಕೊಟ್ಟ ಕೆಲಸ ಮುಗಿಸುತ್ತಾರೆ.’ ಕೇಳಲು ಹಿತ. ಹತ್ತು ವರ್ಷ ಈ ಮಾತನ್ನು ಕೇಳುತ್ತಾ ಹೋದವರು, ವಿಭಾಗದ ಮುಖ್ಯಸ್ಥರಾದ ದಿನವೂ ಗಲಾಟೆ ಮಾಡದವರಾಗಿಯೇ ಉಳಿಯುತ್ತಾರೆ. ಕೆಳಗಿನವರ ಪರವಾಗಿ ಮೇಲಿನವರ ಎದುರು ಮಾತನಾಡಬೇಕಾದಾಗ ನಾಲಿಗೆ ಏಳುವುದಿಲ್ಲ. ಸಜ್ಜನಿಕೆ ಎಂಬ ಹೆಸರಿಟ್ಟು ಸುಮ್ಮನಿರುವುದು ನಮ್ಮ ಬಹುಕಾಲದ ರೂಢಿ. ಬಿನ್ನಿಯವರ ಬದುಕು ಆ ರೂಢಿಯ ಎರಡೂ ಮುಖಗಳನ್ನು ತೋರಿಸುತ್ತದೆ.

ಕೊನೆಗೆ ಒಂದು ಜಮೆ, ದೊಡ್ಡದು. ಬಿನ್ನಿ ಭಾರತಕ್ಕೆ ಆಡಿದ ಮೊದಲ ಆಂಗ್ಲೋ-ಇಂಡಿಯನ್. ಮನೆಮಾತು ಕನ್ನಡವಲ್ಲದಿದ್ದರೂ ಅವರನ್ನು ನಾವು ‘ನಮ್ಮ ಬಿನ್ನಿ’ ಎನ್ನುತ್ತೇವೆ. ಮದರಾಸಿನಲ್ಲಿ ಹುಟ್ಟಿದ ಕಿರ್ಮಾನಿ, ಬರೋಡಾದಲ್ಲಿ ಹುಟ್ಟಿದ ಬ್ರಿಜೇಶ್ ಪಟೇಲ್, ಇಂದೋರ್‌ನಲ್ಲಿ ಹುಟ್ಟಿದ ಮರಾಠಿ ಮನೆಮಾತಿನ ದ್ರಾವಿಡ್ ಎಲ್ಲರೂ ನಮ್ಮವರೇ. ಪ್ರಸನ್ನ, ವಿಶ್ವನಾಥ್, ಚಂದ್ರಶೇಖರ್ ಅವರ ಜೊತೆ ಇವರನ್ನೂ ಸೇರಿಸಿಕೊಂಡಾಗಲೇ ಕರ್ನಾಟಕದ ತಂಡ ಪೂರ್ತಿಯಾಗುವುದು. ಬೇರೆಯವರ ಊರಿನಲ್ಲಿ ಬಾಡಿಗೆ ಮನೆ ಹಿಡಿದು, ಮಕ್ಕಳನ್ನು ಅಲ್ಲಿನ ಶಾಲೆಗೆ ಹಾಕಿ, ‘ಎಲ್ಲಿಯವರು ನೀವು?’ ಎಂಬ ಪ್ರಶ್ನೆಗೆ ವಾರಕ್ಕೊಮ್ಮೆ ಉತ್ತರಿಸುವ ನಮಗೆ ಇದರ ಬೆಲೆ ಊರಿನಲ್ಲಿರುವವರಿಗಿಂತ ಹೆಚ್ಚು ಗೊತ್ತಿರಬೇಕು. ಬೆಂಗಳೂರಿನಲ್ಲಿ ‘ಯಾರು ನಮ್ಮವರು’ ಎಂಬ ಜಗಳ ಎದ್ದಾಗಲೆಲ್ಲ ಈ ಹನ್ನೊಂದರ ಪಟ್ಟಿಯನ್ನು ಓದಿ ಹೇಳಬೇಕಾದವರು ನಾವು.

ಆಲ್‌ರೌಂಡರ್ ಬಿನ್ನಿಯವರಿಗೆ 1983 ಮತ್ತು 1986ರ ಬೇಸಿಗೆಗಳ ಲೆಕ್ಕದಲ್ಲಿ ಭಾರತೀಯ ಕ್ರಿಕೆಟ್‌ನ ಮೊದಲ ಸಾಲಿನಲ್ಲಿ ಜಾಗವಿದೆ. ಅದನ್ನು ಕೇಳಿ ಪಡೆಯುವ ಸ್ವಭಾವ ಅವರದಲ್ಲ, ಹಾಗಾಗಿ ನಾವು ಕೇಳಬೇಕು. ಮುಂದಿನ ಸಲ ಕಚೇರಿಯಲ್ಲಿ ಯಾರಾದರೂ 1983ರ ಹೆಸರುಗಳನ್ನು ಎಣಿಸಲು ಆರಂಭಿಸಿದರೆ 18 ವಿಕೆಟ್‌ಗಳ ವಿಷಯ ತೆಗೆಯಿರಿ. ಅದೇ ಕಚೇರಿಯಲ್ಲಿ ನಿಮಗೊಂದು ಕುರ್ಚಿ ಸಿಕ್ಕ ದಿನ, ಸುಮ್ಮನಿರಬೇಡಿ.